ಹೇಳಿಕೊಳ್ಳಲಾಗದ ಗಾಯ

2018ರ ಏಪ್ರಿಲ್ ತಿಂಗಳ ಒಂದು ಸಂಜೆ. ನಮ್ಮ ನ್ಯೂಸ್ ಡೆಸ್ಕ್‌ಗೆ ಅಮೆರಿಕದಿಂದ ಒಂದು ಸುದ್ದಿ ಬಂತು. ಓದಿದವರೆಲ್ಲ ಮುಸಿಮುಸಿ ನಗೋಕೆ ಶುರು ಮಾಡಿದರು. ಅಫ್ಘಾನಿಸ್ತಾನದಲ್ಲಿ ಬಾಂಬ್ ಸ್ಫೋಟಕ್ಕೆ ಸಿಕ್ಕಿದ್ದ ಒಬ್ಬ ಸೈನಿಕನಿಗೆ, ತೀರಿಕೊಂಡ ದಾನಿಯೊಬ್ಬನ ಪುರುಷಾಂಗವನ್ನು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕಸಿ ಮಾಡಿದ್ದಾರೆ ಅನ್ನೋದು ಸುದ್ದಿ. ಡೆಸ್ಕ್‌ನ ಹುಡುಗರು ಪ್ರಾಸ ಹಾಕಿ ಹೆಡ್‌ಲೈನ್ ಬರೆದರು. ನಾನೂ ನಕ್ಕೆ. ಬುಲೆಟಿನ್‌ನ ಕೊನೆಯಲ್ಲಿ, ಹವಾಮಾನಕ್ಕೆ ಮುಂಚೆ, 40 ಸೆಕೆಂಡ್‌ನಲ್ಲಿ ಓದಿ ಮುಗಿಸಿದೆ. ತುಟಿಯಂಚಿನಲ್ಲಿ ನಗು ಇತ್ತು. ಕ್ಯಾಮೆರಾಗೆ ಅದು ಕಂಡಿತ್ತು.

ಸ್ಟುಡಿಯೋದಿಂದ ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಆಫೀಸಿನ ನಂಬರ್‌ಗೆ ಒಂದು ಫೋನ್. ಆಚೆ ಕಡೆಯ ದನಿ ತುಂಬಾ ಮೆಲ್ಲಗಿತ್ತು. "ಸರ, ಈಗ ಓದಿದ್ರಲ್ಲ, ಅದು ನಮ್ ಕಡಿ ಎಲ್ಲ್ಯರ ಮಾಡ್ತಾರೇನ್ರಿ?" ನಾನು, "ಯಾರಿಗೆ ಬೇಕಿತ್ತು?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: ರಾಶಿ ಮಾಡೋ ಯಂತ್ರದ ಬೆಲ್ಟ್‌ಗೆ ಧೋತರ ಸಿಕ್ಕಿತ್ತು. ಎಂಟು ವರ್ಷ ಆಯ್ತು. "ಹೆಸರು, ಊರು ಹೇಳ್ತೀರಾ? ವಿಚಾರಿಸಿ ಫೋನ್ ಮಾಡ್ತೀನಿ" ಅಂದೆ. "ಅದೆಲ್ಲ ಬ್ಯಾಡ್ರಿ" ಅಂತ ಫೋನ್ ಇಟ್ಟುಬಿಟ್ಟರು. ಮತ್ತೆ ಅವರ ಫೋನ್ ಬರಲಿಲ್ಲ.

ಎಂಟು ವರ್ಷ ಒಬ್ಬ ಮನುಷ್ಯ ಯಾರ ಹತ್ತಿರವೂ ಹೇಳಿಕೊಳ್ಳದ ವಿಷಯವನ್ನು, ನಗ್ತಾ ಓದಿದ ಆ್ಯಂಕರ್ ಹತ್ತಿರ ಕೇಳಬೇಕಾಯ್ತು. ಅವರಿಗೆ ಆವತ್ತು ಕೊಡಬೇಕಿದ್ದ ಉತ್ತರವನ್ನು ಇವತ್ತು ಕೊಡ್ತಿದ್ದೀನಿ. ಆದರೆ ಈ ಉತ್ತರಕ್ಕೆ ಒಂದು ಇತಿಹಾಸ ಇದೆ. ಅದನ್ನು ಮೊದಲು ನೋಡೋಣ.

ಕಥೆ ಶುರುವಾಗೋದು ನಮ್ಮ ಶ್ರೀರಂಗಪಟ್ಟಣದ ಹತ್ತಿರದಿಂದಲೇ, ಅದೂ ಮೂಗಿನಿಂದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝಿನ್ ಅನ್ನೋ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟ ಆಯ್ತು. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಾ ಮನುಷ್ಯ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕಿದ್ದ. ಅವನ ಮೂಗು ಮತ್ತು ಒಂದು ಕೈಯನ್ನು ಕತ್ತರಿಸಲಾಗಿತ್ತು ಅಂತ ಆ ಪತ್ರ ಹೇಳುತ್ತೆ. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಹತ್ತಿರದ ಒಬ್ಬ ಇಟ್ಟಿಗೆ ಮಾಡುವ ಜಾತಿಯ ಮನುಷ್ಯ ಹೊಸ ಮೂಗು ಮಾಡಿಕೊಟ್ಟ. ಹೇಗೆ? ಮೇಣದಲ್ಲಿ ಮೂಗಿನ ಅಚ್ಚು ಮಾಡಿದ. ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಅಳತೆ ಗೆರೆ ಎಳೆದ. ಅಷ್ಟು ಚರ್ಮವನ್ನು ಬಿಡಿಸಿದ. ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಬಿಡಿಸದೆ ಹಾಗೇ ಉಳಿಸಿಕೊಂಡ. ಚರ್ಮವನ್ನು ಕೆಳಗೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿದ.

ನಾನು ಎಂಜಿನಿಯರಿಂಗ್ ಓದಿದವನು. ನನಗೆ ಅರ್ಥವಾಗೋ ಹಾಗೆ ಹೇಳ್ತೀನಿ. ಆ ಸಣ್ಣ ಪಟ್ಟಿಯೇ ನೀರಿನ ಪೈಪು. ಹೊಸ ಜಾಗದಲ್ಲಿ ರಕ್ತದ ಹೊಸ ಕನೆಕ್ಷನ್ ಬರೋ ತನಕ ಹಳೇ ಕನೆಕ್ಷನ್ ಕಟ್ ಮಾಡೋ ಹಾಗಿಲ್ಲ. ಮಾಡಿದರೆ ಚರ್ಮ ಸತ್ತುಹೋಗುತ್ತೆ. ಸುಶ್ರುತ ಸಂಹಿತೆಯಲ್ಲೇ ಮೂಗು ಕಟ್ಟುವ ವಿದ್ಯೆಯ ಪ್ರಸ್ತಾಪ ಇದೆ. ಪುಣೆಯ ಪತ್ರ ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಇದೇ ಆಪರೇಷನ್ ಅನ್ನು ಬದುಕಿರುವ ಮನುಷ್ಯನ ಮೇಲೆ ಮಾಡಿ ಗೆದ್ದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೆ ಅದು ದೊಡ್ಡ ತಿರುವು.

ಈಗ ಯೋಚನೆ ಮಾಡಿ. ಆ ಯುದ್ಧದಲ್ಲಿ ಮೂಗಿಗೆ ಮಾತ್ರ ಗಾಯ ಆಗಿತ್ತಾ? ಕತ್ತಿ, ಭರ್ಜಿ, ಗುಂಡು ಸೊಂಟದ ಕೆಳಗೆ ತಾಗಲೇ ಇಲ್ವಾ? ತಾಗಿರುತ್ತೆ. ಆದರೆ ಮೂಗು ಮುಖದ ಮೇಲಿತ್ತು. ಮೂಗು ಹೋದರೆ ಮಾನ ಹೋಯ್ತು ಅಂತ ಊರೆಲ್ಲ ಮಾತಾಡಿತು. ಹಾಗಾಗಿ ಅದಕ್ಕೆ ಔಷಧಿ ಹುಡುಕಿದರು, ಚಿತ್ರ ಬರೆದು ಪತ್ರಿಕೆಯಲ್ಲಿ ಹಾಕಿದರು. ಬಟ್ಟೆಯೊಳಗಿನ ಗಾಯದಲ್ಲಿ ಮಾನ ಉಳಿಯೋದು ಮುಚ್ಚಿಟ್ಟರೆ ಮಾತ್ರ! ಅದಕ್ಕೇ ಅದಕ್ಕೆ ಪತ್ರವೂ ಇಲ್ಲ, ಚಿತ್ರವೂ ಇಲ್ಲ.

ಅಲ್ಲಿಂದ ನೇರವಾಗಿ ಮೊದಲ ಮಹಾಯುದ್ಧಕ್ಕೆ ಬನ್ನಿ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಹೆರಾಲ್ಡ್ ಗಿಲೀಸ್ ಎಂಬ ಸರ್ಜನ್ ಇಂಗ್ಲೆಂಡಿನಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ. ಬಿಡಿಸಿದ ಚರ್ಮದ ಪಟ್ಟಿಯ ಎರಡೂ ಅಂಚನ್ನು ಸೇರಿಸಿ ಕೊಳವೆಯ ಹಾಗೆ ಹೊಲಿದುಬಿಟ್ಟರೆ ಅದು ಒಣಗಲ್ಲ, ಸೋಂಕು ಕಡಿಮೆ, ರಕ್ತ ಚೆನ್ನಾಗಿ ಹರಿಯುತ್ತೆ ಅಂತ ಅವನು 1917ರಲ್ಲಿ ಕಂಡುಕೊಂಡ. ಹೆಚ್ಚುಕಮ್ಮಿ ಅದೇ ಸಮಯಕ್ಕೆ ಒಡೆಸ್ಸಾದಲ್ಲಿ ಫಿಲಾಟೋವ್ ಎಂಬ ಕಣ್ಣಿನ ಡಾಕ್ಟರ್ ತನ್ನಷ್ಟಕ್ಕೆ ಅದನ್ನೇ ಮಾಡಿದ್ದ. ಹೊಟ್ಟೆಯ ಚರ್ಮವನ್ನು ಕೊಳವೆ ಮಾಡಿ, ಒಂದು ತುದಿ ಕೂಡಿಕೊಂಡ ಮೇಲೆ ಇನ್ನೊಂದು ತುದಿ ಬಿಡಿಸಿ, ಹೆಜ್ಜೆ ಹೆಜ್ಜೆಯಾಗಿ ಬೇಕಾದ ಜಾಗಕ್ಕೆ ಸಾಗಿಸುವ ತಂತ್ರ ಇದು.

ಕೊಳವೆ ಆಕಾರದ ಚರ್ಮ ಸಿಕ್ಕ ಮೇಲೆ ಮುಂದಿನ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಿತ್ತು. ಕೇಳಿದವನು ರಷ್ಯಾದ ನಿಕೊಲಾಯ್ ಬೊಗೊರಾಜ್. ಈ ಮನುಷ್ಯನ ಬಗ್ಗೆ ಓದಿದಾಗ ನಾನು ಒಂದು ಕ್ಷಣ ಸುಮ್ಮನಾದೆ. 1920ರಲ್ಲಿ ಟ್ರಾಮ್ ಅಪಘಾತದಲ್ಲಿ ಅವನ ಎರಡೂ ಕಾಲು ಹೋಗಿದ್ದವು. ಕೃತಕ ಕಾಲಿನ ಮೇಲೆ ನಿಂತು ಆಪರೇಷನ್ ಮಾಡುವುದನ್ನು ಮತ್ತೆ ಕಲಿತ. ಅಂಗ ಕಳಕೊಳ್ಳೋದು ಅಂದರೇನು ಅಂತ ಅವನಿಗೆ ಪುಸ್ತಕ ಓದಿ ತಿಳೀಬೇಕಿರಲಿಲ್ಲ. ಹೊಟ್ಟೆಯ ಚರ್ಮದ ಕೊಳವೆ, ಅದರೊಳಗೆ ಬಿಗಿ ಬರಲಿ ಅಂತ ಪಕ್ಕೆಲುಬಿನ ಮೃದ್ವಸ್ಥಿಯ ತುಂಡು. ಇಷ್ಟನ್ನು ಬಳಸಿ ಪೂರ್ತಿ ಪುರುಷಾಂಗ ಮರುನಿರ್ಮಾಣ ಮಾಡಿದ್ದನ್ನು ಅವನು 1936ರಲ್ಲಿ ಪ್ರಕಟಿಸಿದ. ಸ್ಪರ್ಶಜ್ಞಾನ ಇರಲಿಲ್ಲ. ಆದರೂ ವೈದ್ಯಲೋಕದಲ್ಲಿ ಈ ಗಾಯಕ್ಕೂ ಉತ್ತರ ಇದೆ ಅಂತ ದಾಖಲಾಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಗಿಲೀಸ್ ಕೂಡ ಇದೇ ದಾರಿಯಲ್ಲಿ ನಡೆದ. ಗಾಯಾಳು ಸೈನಿಕರಿಗಾಗಿ ಬೆಳೆದ ಈ ವಿದ್ಯೆಯನ್ನು 1946ರಿಂದ 1949ರವರೆಗೆ ಮೈಕೆಲ್ ಡಿಲ್ಲನ್ ಎಂಬ ವ್ಯಕ್ತಿಗೆ ಬಳಸಿದ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕಲು ನಿರ್ಧರಿಸಿದ್ದ ಡಿಲ್ಲನ್‌ಗೆ ಒಟ್ಟು 13 ಆಪರೇಷನ್ ಆದವು. ಆಸ್ಪತ್ರೆಯ ದಾಖಲೆಯಲ್ಲಿ ಗಿಲೀಸ್ ಬರೆದಿದ್ದು ಮಾತ್ರ ಮೂತ್ರನಾಳದ ಹುಟ್ಟುದೋಷ ಅಂತ. ಸತ್ಯ ಬರೆದರೆ ರೋಗಿಯ ಬದುಕು ಬೀದಿಗೆ ಬರುತ್ತೆ ಅನ್ನೋದು ಅವನಿಗೆ ಗೊತ್ತಿತ್ತು. ಆದರೂ ಬಂತು. 1958ರಲ್ಲಿ ಪತ್ರಿಕೆಗಳು ಡಿಲ್ಲನ್ ಬೆನ್ನು ಹತ್ತಿದವು. ಹಡಗಿನ ವೈದ್ಯನಾಗಿ ಕೆಲಸ ಮಾಡುತ್ತಿದ್ದ ಡಿಲ್ಲನ್ ಎಲ್ಲ ಬಿಟ್ಟು ಭಾರತಕ್ಕೆ ಬಂದ. ಬೌದ್ಧನಾದ, ಲಡಾಖ್‌ನ ಮಠದಲ್ಲಿದ್ದ, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡ. ನೋಡಿ, ಡಾಕ್ಟರು 13 ಸಲ ಹೊಲಿದು ಕಟ್ಟಿಕೊಟ್ಟ ಬದುಕನ್ನು ನಮ್ಮ ವೃತ್ತಿಯವರು ಒಂದು ಹೆಡ್‌ಲೈನ್‌ನಲ್ಲಿ ಕಿತ್ತುಹಾಕಿದರು. ನಾನು 40 ಸೆಕೆಂಡ್‌ನಲ್ಲಿ ನಕ್ಕಿದ್ದೂ ಅದೇ ವೃತ್ತಿಯಲ್ಲಿ ಕೂತು.

ಮುಂದಿನ ದೊಡ್ಡ ಜಿಗಿತ ಬಂದಿದ್ದು ಸೂಕ್ಷ್ಮದರ್ಶಕದಿಂದ. 1960ರ ನಂತರ ಸರ್ಜನ್‌ಗಳು ಮೈಕ್ರೋಸ್ಕೋಪ್ ಕೆಳಗೆ ಒಂದೆರಡು ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ತಲೆಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯೋದನ್ನು ಕಲಿತರು. ಇದರ ಅರ್ಥ ಏನು ಗೊತ್ತಾ? ಇನ್ನು ಪೈಪನ್ನು ಉಳಿಸಿಕೊಂಡು ಚರ್ಮವನ್ನು ತಿಂಗಳುಗಟ್ಟಲೆ ಸಾಗಿಸುವ ಕೆಲಸ ಇಲ್ಲ. ಪೂರ್ತಿ ಕತ್ತರಿಸಿ ತೆಗೆದು, ಬೇರೆ ಜಾಗದಲ್ಲಿ ಹೊಸದಾಗಿ ಪೈಪ್ ಜೋಡಿಸಬಹುದು. ನರಗಳನ್ನೂ ಜೋಡಿಸಬಹುದು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತೆ. ನಿಧಾನ, ಆದರೆ ಬೆಳೆಯುತ್ತೆ. 1977ರ ಹೊತ್ತಿಗೆ ಅಮೆರಿಕ ಮತ್ತು ಜಪಾನಿನ ಡಾಕ್ಟರುಗಳು ತುಂಡಾದ ಪುರುಷಾಂಗವನ್ನು ಮೈಕ್ರೋಸ್ಕೋಪ್ ಕೆಳಗೆ ಮರುಜೋಡಿಸಿದ ವರದಿಗಳನ್ನು ಪ್ರಕಟಿಸಿದರು.

ಅದೇ ದಶಕದಲ್ಲಿ ಥಾಯ್ಲೆಂಡ್‌ನಲ್ಲಿ, ಗಂಡನ ಪರಸ್ತ್ರೀ ಸಹವಾಸಕ್ಕೆ ರೋಸಿಹೋದ ಹೆಂಡತಿಯರು ಅಂಗ ಕತ್ತರಿಸಿದ ಘಟನೆಗಳು ಒಂದರ ಹಿಂದೆ ಒಂದು ನಡೆದವು. ಪ್ರಪಂಚ ನಕ್ಕಿತು. ಬ್ಯಾಂಕಾಕ್‌ನ ಸರ್ಜನ್‌ಗಳಿಗೆ ನಗೋಕೆ ಪುರುಸೊತ್ತು ಇರಲಿಲ್ಲ. 18 ಮರುಜೋಡಣೆಗಳ ಅನುಭವವನ್ನು ಅವರು 1983ರಲ್ಲಿ ಪ್ರಕಟಿಸಿದರು. ಹತ್ತು ವರ್ಷದ ನಂತರ, 1993ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ ಇಂಥದ್ದೇ ಪ್ರಕರಣ. ರಸ್ತೆ ಪಕ್ಕದ ಹುಲ್ಲಿನಲ್ಲಿ ಹುಡುಕಿ ತಂದ ಅಂಗವನ್ನು ಇಬ್ಬರು ಸರ್ಜನ್‌ಗಳು ಒಂಬತ್ತೂವರೆ ಗಂಟೆ ಕೂತು ಜೋಡಿಸಿದರು. ಆ ಮನೆಯೊಳಗೆ ಹೆಂಡತಿ ಅನುಭವಿಸಿದ ಹಿಂಸೆಯ ಕಥೆ ಕೋರ್ಟಿನಲ್ಲಿ ಬಂತು. ಟಿವಿಗಳಲ್ಲಿ ಮಾತ್ರ ವರ್ಷಗಟ್ಟಲೆ ಜೋಕುಗಳೇ ಓಡಿದವು. ಆಕೆಯ ನೋವಿಗೂ ಜಾಗ ಸಿಗಲಿಲ್ಲ, ಆ ಒಂಬತ್ತೂವರೆ ಗಂಟೆಯ ವಿದ್ಯೆಗೂ ಜಾಗ ಸಿಗಲಿಲ್ಲ.

ತುಂಡಾದ ಭಾಗ ಸಿಕ್ಕರೆ ಸರಿ. ಸಿಗದೇ ಇದ್ದರೆ? ಅದಕ್ಕೆ ಉತ್ತರ ಬಂದಿದ್ದು ಚೀನಾದಿಂದ. 1984ರಲ್ಲಿ ಚಾಂಗ್ ಮತ್ತು ಹ್ವಾಂಗ್ ಎಂಬ ಸರ್ಜನ್‌ಗಳು ರೋಗಿಯ ಮುಂಗೈ ಚರ್ಮವನ್ನು ಅದರ ರಕ್ತನಾಳ, ನರಗಳ ಸಮೇತ ತೆಗೆದು, ಒಂದೇ ಆಪರೇಷನ್‌ನಲ್ಲಿ ಹೊಸ ಅಂಗ ಕಟ್ಟುವ ವಿಧಾನವನ್ನು ಪ್ರಕಟಿಸಿದರು. ಕೊಳವೆಯೊಳಗೆ ಇನ್ನೊಂದು ಕೊಳವೆ. ಒಳಗಿನದು ಮೂತ್ರ ಹೋಗೋಕೆ, ಹೊರಗಿನದು ಅಂಗದ ಆಕಾರಕ್ಕೆ. ಬಲಗೈ ಬಳಸುವವರಿಗೆ ಎಡಗೈ ಚರ್ಮ ತಗೋತಾರೆ. ಕೈಯಲ್ಲಾದ ಗಾಯಕ್ಕೆ ತೊಡೆಯ ಚರ್ಮದ ತೇಪೆ. ನರ ಕೂಡಿಕೊಂಡರೆ ತಿಂಗಳುಗಳ ನಂತರ ಸ್ಪರ್ಶ ತಿಳಿಯುತ್ತೆ. ಬಿಗಿತಕ್ಕೆ ಬೇಕಾದರೆ ಆಮೇಲೆ ಒಳಗೆ ಸಾಧನ ಇಡ್ತಾರೆ. ಪಂಪಿನಿಂದ ತುಂಬಿಸುವ ಇಂಥ ಸಾಧನ 1973ರಲ್ಲೇ ಬಂದಿತ್ತು. ಇವತ್ತಿಗೂ ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ದಾರಿಗಳಲ್ಲಿ ಈ ಮುಂಗೈ ವಿಧಾನ ಒಂದು.

ಹಾಗಾದರೆ ಬೇರೆಯವರ ಅಂಗವನ್ನೇ ಕಸಿ ಮಾಡುವ ಅಗತ್ಯ ಎಲ್ಲಿಂದ ಬಂತು? ಉತ್ತರ ಮತ್ತೆ ಯುದ್ಧಭೂಮಿಯಲ್ಲಿದೆ. ಇರಾಕ್, ಅಫ್ಘಾನಿಸ್ತಾನದಲ್ಲಿ ಬಾಂಬುಗಳನ್ನು ಹೂತಿಡುತ್ತಿದ್ದದ್ದು ನೆಲದಲ್ಲಿ. ಕಾಲಿಟ್ಟರೆ ಸ್ಫೋಟ ಕೆಳಗಿನಿಂದ ಮೇಲಕ್ಕೆ. ಎದೆಗೆ ಕವಚ ಇತ್ತು, ತಲೆಗೆ ಹೆಲ್ಮೆಟ್ ಇತ್ತು, ತೊಡೆಸಂದಿಗೆ ಅಷ್ಟು ರಕ್ಷಣೆ ಇರಲಿಲ್ಲ. ಹಿಂದಿನ ಯುದ್ಧಗಳಲ್ಲಾಗಿದ್ದರೆ ಅಂಥ ಸೈನಿಕರು ಅಲ್ಲೇ ಸಾಯುತ್ತಿದ್ದರು. ಈಗ ಹೆಲಿಕಾಪ್ಟರ್ ಬಂತು, ರಕ್ತ ಬಂತು, ಬದುಕಿದರು. 2001ರಿಂದ 2013ರವರೆಗೆ ಈ ಎರಡು ಯುದ್ಧಗಳಲ್ಲಿ ಮೂತ್ರಾಂಗ, ಜನನಾಂಗ ಭಾಗದಲ್ಲಿ ಗಾಯಗೊಂಡ ಅಮೆರಿಕದ ಪುರುಷ ಸೈನಿಕರ ಸಂಖ್ಯೆ 1,367. ಬಹುಪಾಲು 35 ವರ್ಷದ ಒಳಗಿನ ಹುಡುಗರು. ಎಷ್ಟೋ ಜನರಿಗೆ ಕೈಕಾಲೂ ಹೋಗಿವೆ. ಮುಂಗೈ, ತೊಡೆಯೇ ಇಲ್ಲದವನಿಗೆ ಚರ್ಮ ಎಲ್ಲಿಂದ ತರ್ತೀರಿ?

ಮೊದಲ ಕಸಿಯ ಪ್ರಯತ್ನ ಆಗಿದ್ದು 2006ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ಅಪಘಾತದಲ್ಲಿ ಅಂಗ ಕಳೆದುಕೊಂಡಿದ್ದ 44 ವರ್ಷದ ರೋಗಿಗೆ, ಮೆದುಳು ನಿಷ್ಕ್ರಿಯನಾಗಿದ್ದ ಯುವಕನ ಅಂಗ. ಆಪರೇಷನ್ ತಾಂತ್ರಿಕವಾಗಿ ಗೆದ್ದಿತು. ಹತ್ತು ದಿನದಲ್ಲಿ ರೋಗಿ ನಿಂತು ಮೂತ್ರ ಮಾಡಿದ. ಆದರೆ ಎರಡು ವಾರಕ್ಕೆ ಅದನ್ನು ತೆಗೆಯಬೇಕಾಯಿತು. ದೇಹ ಬೇಡ ಅಂದಿರಲಿಲ್ಲ, ಮನಸ್ಸು ಬೇಡ ಅಂದಿತ್ತು. ಅವನಿಗೂ ಅವನ ಹೆಂಡತಿಗೂ ಅದನ್ನು ಒಪ್ಪಿಕೊಳ್ಳೋಕೆ ಆಗಲಿಲ್ಲ. ರಕ್ತನಾಳ ಜೋಡಿಸಿದವರು ಮನಸ್ಸನ್ನು ಸಿದ್ಧ ಮಾಡಿರಲಿಲ್ಲ. ಇಡೀ ಜಗತ್ತು ಅದರಿಂದ ಪಾಠ ಕಲಿತು, ಎಂಟು ವರ್ಷ ಕಾಯಿತು.

2014ರ ಡಿಸೆಂಬರ್ 11. ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಟೈಗರ್‌ಬರ್ಗ್ ಆಸ್ಪತ್ರೆ. ಅಲ್ಲಿನ ಖೋಸಾ ಮುಂತಾದ ಸಮುದಾಯಗಳಲ್ಲಿ ಹುಡುಗ ಗಂಡಸಾಗುವ ವಿಧಿಯಾಗಿ ಸುನ್ನತಿ ಮಾಡ್ತಾರೆ. ನೆಲ್ಸನ್ ಮಂಡೇಲಾ ಕೂಡ ಹಾದುಬಂದ ವಿಧಿ ಅದು. ಸರಿಯಾದ ಕೈಯಲ್ಲಿ ಆಗದಿದ್ದರೆ ಗಾಯ ಕೊಳೆತು ಜೀವವೋ ಅಂಗವೋ ಹೋಗುತ್ತೆ. ಹಾಗೆ ಅಂಗ ಕಳಕೊಂಡಿದ್ದ 21 ವರ್ಷದ ಯುವಕನಿಗೆ ಪ್ರೊಫೆಸರ್ ಆಂಡ್ರೆ ವಾನ್ ಡರ್ ಮರ್ವೆ ತಂಡ ಒಂಬತ್ತು ಗಂಟೆಗಳ ಆಪರೇಷನ್ ಮಾಡಿತು. ಗಂಡಸಾಗಲು ಹೋಗಿ ಗಾಯಗೊಂಡವನು ಊರಲ್ಲಿ ತಲೆ ಎತ್ತೋ ಹಾಗಿಲ್ಲ. ಅವನಿಗಿಂತ ಹೆಚ್ಚು ಈ ಕಸಿ ಯಾರಿಗೆ ಬೇಕಿತ್ತು ಹೇಳಿ? 2015ರಲ್ಲಿ ಅವನ ಸಂಗಾತಿ ಗರ್ಭಿಣಿ ಅನ್ನೋ ಸುದ್ದಿ ಬಂತು.

ಆದರೆ ಈ ಕಥೆಯಲ್ಲಿ ನನ್ನನ್ನು ಕಾಡಿದ್ದು ದಾನಿಯ ಕಡೆಯವರು. ಮಗನ ಹೃದಯ ಕೊಡಿ, ಕಿಡ್ನಿ ಕೊಡಿ ಅಂತ ತಾಯ್ತಂದೆಯನ್ನು ಕೇಳೋದೇ ಕಷ್ಟ. ಇದನ್ನು ಹೇಗೆ ಕೇಳ್ತೀರಿ? ಡಾಕ್ಟರುಗಳು ದಾನಿಯ ಹೊಟ್ಟೆಯ ಚರ್ಮದಿಂದಲೇ ಅಂಗದ ಆಕಾರ ಮಾಡಿ ದೇಹಕ್ಕೆ ಜೋಡಿಸಿಕೊಟ್ಟರು. ಮಗನನ್ನು ಪೂರ್ಣ ದೇಹದೊಂದಿಗೆ ಮಣ್ಣು ಮಾಡುವ ನೆಮ್ಮದಿ ಆ ಮನೆಯವರಿಗೆ ಸಿಗಲಿ ಅಂತ. ಬದುಕಿದವನ ಮಾನಕ್ಕೆ ಎಷ್ಟು ಬೆಲೆಯೋ ಸತ್ತವನ ಮಾನಕ್ಕೂ ಅಷ್ಟೇ ಬೆಲೆ.

2016ರ ಮೇ ತಿಂಗಳಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕ್ಯಾನ್ಸರ್‌ನಿಂದ ಅಂಗ ಕಳಕೊಂಡಿದ್ದ 64 ವರ್ಷದ ಒಬ್ಬರಿಗೆ 15 ಗಂಟೆಗಳ ಕಸಿ ನಡೆಯಿತು. ಬ್ಯಾಂಕಿನ ಕೊರಿಯರ್ ಕೆಲಸ ಮಾಡುತ್ತಿದ್ದ ಸಾಮಾನ್ಯ ಮನುಷ್ಯ. ಅವರು ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಮುಖ ಮುಚ್ಚಿಕೊಳ್ಳಲಿಲ್ಲ. ಸ್ವಂತ ಹೆಸರಲ್ಲಿ, ಆಸ್ಪತ್ರೆಯಿಂದಲೇ ಪತ್ರಕರ್ತರ ಜೊತೆ ಮಾತಾಡಿದರು. ಇಂಥ ಗಾಯ ಇರುವ ಬೇರೆ ಗಂಡಸರು ಬಚ್ಚಿಟ್ಟುಕೊಂಡು ಕೂರಬಾರದು ಅನ್ನೋದೇ ಅವರ ಉದ್ದೇಶ.

ಕೊನೆಗೆ ನಾನು ನಕ್ಕ ಆ ಆಪರೇಷನ್. 2018ರ ಮಾರ್ಚ್ 26. ಒಂಬತ್ತು ಪ್ಲಾಸ್ಟಿಕ್ ಸರ್ಜನ್‌ಗಳು, ಇಬ್ಬರು ಮೂತ್ರರೋಗ ಸರ್ಜನ್‌ಗಳು, 14 ಗಂಟೆ. ಪುರುಷಾಂಗ, ವೃಷಣಚೀಲ, ಹೊಟ್ಟೆಯ ಗೋಡೆಯ ಒಂದು ಭಾಗ, ಎಲ್ಲ ಒಟ್ಟಿಗೆ. ಆದರೆ ವೃಷಣಗಳನ್ನು ಮಾತ್ರ ಕಸಿ ಮಾಡಲಿಲ್ಲ. ಯಾಕೆ? ಮಾಡಿದ್ದರೆ ಮುಂದೆ ಹುಟ್ಟುವ ಮಗು ವಂಶವಾಹಿ ಲೆಕ್ಕದಲ್ಲಿ ಸತ್ತ ದಾನಿಯದ್ದಾಗುತ್ತಿತ್ತು. ದಾನಿ ಅದಕ್ಕೆ ಒಪ್ಪಿಗೆ ಕೊಟ್ಟಿದ್ದನಾ? ಆ ಗೆರೆಯನ್ನು ದಾಟಬಾರದು ಅಂತ ಮೊದಲೇ ತೀರ್ಮಾನಿಸಿದ್ದರು. 2019ರಲ್ಲಿ ತಂಡ ವರದಿ ಪ್ರಕಟಿಸಿತು. ಆ ಸೈನಿಕ ನಿಂತು ಮೂತ್ರ ಮಾಡ್ತಾನೆ, ಸ್ಪರ್ಶ ಬಂದಿದೆ, ಲೈಂಗಿಕ ಶಕ್ತಿ ಹೆಚ್ಚುಕಮ್ಮಿ ಸಹಜ. ಎರಡೂ ಕಾಲಿಲ್ಲದ ಅವನು ಕೃತಕ ಕಾಲಿನಲ್ಲಿ ಸ್ವತಂತ್ರವಾಗಿ ಬದುಕುತ್ತಾ ಓದು ಮುಂದುವರಿಸಿದ್ದಾನೆ. ನನ್ನ 40 ಸೆಕೆಂಡ್‌ನಲ್ಲಿ ಈ ಮನುಷ್ಯ ಎಲ್ಲಿದ್ದ?

ಇದೆಲ್ಲ ಪವಾಡ ಅಂತ ನಾನು ಹೇಳ್ತಿಲ್ಲ. ಪ್ರಪಂಚದಲ್ಲಿ ಇಂಥ ಕಸಿಗಳು ಬೆರಳೆಣಿಕೆಯಷ್ಟು. ದೇಹ ಪರರ ಅಂಗವನ್ನು ಹೊರಗೆ ತಳ್ಳದಿರಲು ಜೀವನಪೂರ್ತಿ ಮಾತ್ರೆ ನುಂಗಬೇಕು. ಅದರಿಂದ ಸೋಂಕು, ಕಿಡ್ನಿ ತೊಂದರೆ, ಕ್ಯಾನ್ಸರ್ ಅಪಾಯ ಇದೆ. ಪ್ರಾಣ ಉಳಿಸದ ಅಂಗಕ್ಕಾಗಿ ಪ್ರಾಣವನ್ನು ಪಣಕ್ಕಿಡಬೇಕಾ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದೇ ಪ್ರಶ್ನೆ ಕೈ ಕಸಿಗೂ ಇದೆಯಲ್ಲ? ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಬಸ್ ಅಪಘಾತದಲ್ಲಿ ಎರಡೂ ಕೈ ಕಳಕೊಂಡು, 2017ರಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಬೇರೆಯವರ ಕೈ ಪಡೆದಾಗ ನಾವೆಲ್ಲ ಕಣ್ಣೀರು ಹಾಕಿದೆವು. ಹಾಕಬೇಕಾದ್ದೇ. ಹಾಗಾದರೆ ಕೈಗೆ ಕಣ್ಣೀರು, ಇದಕ್ಕೆ ನಗು ಯಾಕೆ?

ಈಗ ಆ ಫೋನ್ ಮಾಡಿದ ಅಣ್ಣನಿಗೆ ಉತ್ತರ. ಅಮೆರಿಕದಲ್ಲಿ ಆದ ಆ ಕಸಿ ನಿಮಗೆ ಬೇಕಾಗಿಯೇ ಇರಲಿಕ್ಕಿಲ್ಲ. ಚರ್ಮ ಮಾತ್ರ ಕಿತ್ತುಹೋಗಿದ್ದರೆ ತೊಡೆಯ ಚರ್ಮದ ತೇಪೆಯಿಂದಲೇ ಸರಿಪಡಿಸಬಹುದು. ಪೂರ್ತಿ ಹೋಗಿದ್ದರೆ ಮುಂಗೈ ಚರ್ಮದ ಆಪರೇಷನ್ ನಮ್ಮ ದೇಶದಲ್ಲೇ ಮಾಡ್ತಾರೆ. ದೊಡ್ಡ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ಅಥವಾ ಮೂತ್ರರೋಗ ವಿಭಾಗಕ್ಕೆ ಹೋಗಿ. ಎಂಟು ವರ್ಷ ಕಳೆದಿದೆ ಅಂತ ಬಾಗಿಲು ಮುಚ್ಚಿಲ್ಲ.

ಉಳಿದವರೂ ಕೇಳಿಸಿಕೊಳ್ಳಿ. ಅಂಗ ತುಂಡಾದರೆ ರಕ್ತ ಬರುವ ಜಾಗವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ತುಂಡನ್ನು ಸಲೈನ್‌ನಲ್ಲಿ ತೇವ ಮಾಡಿದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿಡಿ. ನೇರವಾಗಿ ಐಸ್ ಮೇಲೆ ಇಡಬೇಡಿ. ತಡ ಮಾಡದೆ ಆಸ್ಪತ್ರೆಗೆ ಓಡಿ. ಹದಿಹರೆಯದ ಮಗ ವೃಷಣದಲ್ಲಿ ಇದ್ದಕ್ಕಿದ್ದಂತೆ ನೋವು ಅಂದರೆ, ನಾಳೆ ನೋಡೋಣ ಅನ್ನಬೇಡಿ. ಅದು ತಿರುಚಿಕೊಂಡಿದ್ದರೆ ಉಳಿಸೋಕೆ ಸಿಗೋದು ಸುಮಾರು 6 ಗಂಟೆ ಮಾತ್ರ. ಹುಡುಗ ನಾಚಿಕೆಯಿಂದ ಹೊಟ್ಟೆನೋವು ಅಂತಾನೆ, ನೀವು ಓಂಕಾಳು ನೀರು ಕೊಡ್ತೀರಿ, ಅಷ್ಟರಲ್ಲಿ ಸಮಯ ಮುಗಿದಿರುತ್ತೆ. ಸಕ್ಕರೆ ಕಾಯಿಲೆ ಇರುವವರು ಆ ಭಾಗದಲ್ಲಿ ಊತ, ಕೀವು, ಜ್ವರ ಕಂಡರೆ ಅವತ್ತೇ ಹೋಗಿ. ಅಲ್ಲಿನ ಕೊಳೆತ ಗಂಟೆಗಳ ಲೆಕ್ಕದಲ್ಲಿ ಹರಡಿ ಜೀವಕ್ಕೇ ಬರುತ್ತೆ.

ಕಾವಸ್‌ಜಿಯ ಮೂಗಿನಿಂದ ಬಾಲ್ಟಿಮೋರ್‌ವರೆಗೆ 220ಕ್ಕೂ ಹೆಚ್ಚು ವರ್ಷ. ಅಷ್ಟು ವರ್ಷದಲ್ಲಿ ಡಾಕ್ಟರುಗಳು ಮೇಣದ ಅಚ್ಚಿನಿಂದ ಮೈಕ್ರೋಸ್ಕೋಪಿಗೆ ಬಂದರು. ನಾವು ಮಾತ್ರ ಮುಸಿಮುಸಿ ನಗುವಲ್ಲೇ ನಿಂತಿದ್ದೀವಿ. ಮುಂದಿನ ಸಲ ಇಂಥ ಸುದ್ದಿ ಬಂದರೆ ನಾನು ಹವಾಮಾನಕ್ಕೆ ಮುಂಚೆ ಓದಲ್ಲ. ಮೊದಲ ಸುದ್ದಿಯಾಗಿ ಓದ್ತೀನಿ. ಅಣ್ಣಾ, ನೀವು ಎಲ್ಲಿದ್ದರೂ ಇನ್ನೊಮ್ಮೆ ಫೋನ್ ಮಾಡಿ. ಹೆಸರು ಕೇಳಲ್ಲ.